ಜನ್ಮಜಾತ ಯೋನಿ ಅಭಾವ: ಪುನಾರಚನೆಯ ಚಿಕಿತ್ಸಾ ಮಾರ್ಗಗಳು

ಹದಿನಾರು ವರ್ಷ ತುಂಬಿದರೂ ಮಗಳು ಮೈನೆರೆಯದಿದ್ದಾಗ ಮನೆಯವರು ಕೆಲಕಾಲ ಕಾಯುವುದು ವಾಡಿಕೆ. ಅಜ್ಜಿಗೂ ತಡವಾಗಿತ್ತು, ದೊಡ್ಡಮ್ಮನಿಗೂ ತಡವಾಗಿತ್ತು ಎಂಬ ಸಮಾಧಾನದ ಮಾತುಗಳಲ್ಲಿ ಒಂದೆರಡು ವರ್ಷಗಳು ಕಳೆಯುತ್ತವೆ. ಹುಡುಗಿಯ ಎತ್ತರ, ಸ್ತನಗಳ ಬೆಳವಣಿಗೆ, ಧ್ವನಿ ಎಲ್ಲವೂ ವಯಸ್ಸಿಗೆ ತಕ್ಕಂತೆಯೇ ಇರುವುದರಿಂದ ಯಾರಿಗೂ ಅನುಮಾನ ಮೂಡುವುದಿಲ್ಲ. ಕೊನೆಗೆ ಅಲ್ಟ್ರಾಸೌಂಡ್ ಪರೀಕ್ಷೆ ನಡೆದಾಗ ಗರ್ಭಕೋಶವೇ ಕಾಣಿಸುತ್ತಿಲ್ಲವೆಂಬ ವರದಿ ಕೈಸೇರುತ್ತದೆ. ಯೋನಿಯೂ ರೂಪುಗೊಂಡಿಲ್ಲವೆಂಬುದು ವೈದ್ಯರ ತಪಾಸಣೆಯಲ್ಲಿ ತಿಳಿಯುತ್ತದೆ.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಮೇಯರ್-ರೊಕಿಟಾನ್ಸ್ಕಿ-ಕ್ಯೂಸ್ಟರ್-ಹೌಸರ್ ಸಿಂಡ್ರೋಮ್ ಎಂದು ಹೆಸರು. ಉದ್ದವಾದ ಈ ಹೆಸರನ್ನು ಸಂಕ್ಷೇಪಿಸಿ ಎಂಆರ್‌ಕೆಎಚ್ ಎಂದು ಕರೆಯಲಾಗುತ್ತದೆ. ಸುಮಾರು 4,500ರಿಂದ 5,000 ಹೆಣ್ಣು ಶಿಶುಗಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಮೊದಲ ಮುಟ್ಟು ಬಾರದಿರುವುದಕ್ಕೆ ಅಂಡಾಶಯಗಳ ಬೆಳವಣಿಗೆಯ ದೋಷವನ್ನು ಬಿಟ್ಟರೆ ಎರಡನೆಯ ಪ್ರಮುಖ ಕಾರಣ ಇದೇ. ಹಾಗಿದ್ದೂ ಇದರ ಕುರಿತು ಸಾರ್ವಜನಿಕವಾಗಿ ಮಾತು ಬಹಳ ಕಡಿಮೆ. ಚಿಕಿತ್ಸೆ ಇದೆಯೆಂಬುದನ್ನು ಅರಿಯದೆ ವಿವಾಹಕ್ಕೆ ಒಪ್ಪಿ ಅವಮಾನಕ್ಕೆ ಗುರಿಯಾದವರು, ಅಥವಾ ಅವಸರದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಜೀವನವಿಡೀ ನೋವು ಅನುಭವಿಸಿದವರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ.

ಹೆಸರಿನ ಹಿಂದಿನ ಚರಿತ್ರೆ

ಯೋನಿ ಮತ್ತು ಗರ್ಭಕೋಶಗಳಿಲ್ಲದ ಸ್ತ್ರೀಯೊಬ್ಬಳ ವಿವರಣೆಯನ್ನು ಇಟಲಿಯ ಅಂಗರಚನಾ ಶಾಸ್ತ್ರಜ್ಞ ರೆಯಾಲ್ಡೊ ಕೊಲಂಬೊ 1559ರಷ್ಟು ಹಿಂದೆಯೇ ನೀಡಿದ್ದನು. ಸಿಂಡ್ರೋಮಿನ ಹೆಸರಿನಲ್ಲಿರುವ ನಾಲ್ವರು ಆತನ ಬಹುಕಾಲದ ನಂತರದವರು. ಜರ್ಮನಿಯ ಆಗಸ್ಟ್ ಮೇಯರ್ 1829ರಲ್ಲಿ, ವಿಯೆನ್ನಾದ ಪ್ರಸಿದ್ಧ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೊಕಿಟಾನ್ಸ್ಕಿ 1838ರಲ್ಲಿ, ಹರ್ಮನ್ ಕ್ಯೂಸ್ಟರ್ 1910ರಲ್ಲಿ ಈ ಸ್ಥಿತಿಯನ್ನು ದಾಖಲಿಸಿದರು. ಸ್ವಿಟ್ಜರ್ಲೆಂಡಿನ ಜಾರ್ಜ್ ಹೌಸರ್ 1961ರಲ್ಲಿ ಇವೆಲ್ಲವನ್ನೂ ಒಂದೇ ಸಿಂಡ್ರೋಮಿನ ಅಡಿಯಲ್ಲಿ ಸೇರಿಸಿ, ಹಿಂದಿನವರ ಹೆಸರುಗಳನ್ನು ಉಳಿಸಿದರು.

ನಮ್ಮ ಚರಕಸಂಹಿತೆಯಲ್ಲಿ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಹೇಳಲಾಗಿದೆ. ಅವುಗಳಲ್ಲಿ 'ಷಂಡೀ' ಎಂಬುದು ಬೀಜದೋಷದಿಂದ ಗರ್ಭದಲ್ಲಿರುವಾಗಲೇ ಗರ್ಭಾಶಯ ಹಾಳಾಗಿ ಉಂಟಾಗುವುದೆಂದೂ, ಚಿಕಿತ್ಸೆಗೆ ನಿಲುಕದ್ದೆಂದೂ ವಿವರಿಸಲಾಗಿದೆ. ದೋಷವು ಹುಟ್ಟಿನ ಮುನ್ನವೇ ಉಂಟಾಗುತ್ತದೆಂಬ ಗ್ರಹಿಕೆ ಗಮನಾರ್ಹವಾದದ್ದು. ಆದರೆ ಷಂಡೀಗೆ ಸ್ತನಗಳು ಬೆಳೆಯುವುದಿಲ್ಲ, ಪುರುಷರ ಬಗ್ಗೆ ದ್ವೇಷವಿರುತ್ತದೆ ಎಂಬ ಲಕ್ಷಣಗಳು ಎಂಆರ್‌ಕೆಎಚ್‌ಗೆ ಸಲ್ಲುವುದಿಲ್ಲ. ಎರಡನ್ನೂ ಒಂದೇ ಎಂದು ಹೇಳುವ ಕೆಲವು ಬರಹಗಳು ಈ ವ್ಯತ್ಯಾಸವನ್ನು ಮರೆಯುತ್ತವೆ.

ಭ್ರೂಣದಲ್ಲಿ ನಡೆಯುವುದೇನು?

ಹೆಣ್ಣು ಭ್ರೂಣದಲ್ಲಿ ಮುಲ್ಲೇರಿಯನ್ ನಾಳಗಳೆಂಬ ಒಂದು ಜೊತೆ ನಾಳಗಳು ಆರನೆಯ ವಾರದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಇವು ಕೆಳಮುಖವಾಗಿ ಬೆಳೆದು ನಡುವಿನಲ್ಲಿ ಒಂದುಗೂಡಬೇಕು. ಮೇಲಿನ ಭಾಗಗಳು ಅಂಡನಾಳಗಳಾಗಿ, ಕೂಡಿದ ಭಾಗವು ಗರ್ಭಕೋಶ ಹಾಗೂ ಯೋನಿಯ ಮೇಲ್ಭಾಗವಾಗಿ ರೂಪುಗೊಳ್ಳುತ್ತದೆ. ಈ ಬೆಳವಣಿಗೆ ನಡುವೆಯೇ ಕುಂಠಿತವಾದರೆ ಗರ್ಭಕೋಶದ ಜಾಗದಲ್ಲಿ ಎರಡು ಸಣ್ಣ ಮೊಳಕೆಗಳಷ್ಟೇ ಉಳಿಯುತ್ತವೆ. ಯೋನಿಯ ಜಾಗದಲ್ಲಿ ಒಂದರಿಂದ ಮೂರು ಸೆಂಟಿಮೀಟರಿನಷ್ಟು ಆಳದ ಕುಳಿ ಮಾತ್ರ ಇರುತ್ತದೆ.

ಅಂಡಾಶಯಗಳು ಬೇರೊಂದು ಮೂಲದಿಂದ ಹುಟ್ಟುವುದರಿಂದ ಅವುಗಳಿಗೆ ಧಕ್ಕೆಯಾಗುವುದಿಲ್ಲ. ಅವು ಎಲ್ಲ ಸ್ತ್ರೀಯರಲ್ಲಿರುವಂತೆ ಹಾರ್ಮೋನುಗಳನ್ನು ಸ್ರವಿಸುತ್ತವೆ, ಪ್ರತಿ ತಿಂಗಳೂ ಅಂಡವನ್ನು ಬಿಡುಗಡೆ ಮಾಡುತ್ತವೆ. ವರ್ಣತಂತುಗಳೂ 46, ಎಕ್ಸ್‌ಎಕ್ಸ್ ಆಗಿಯೇ ಇರುತ್ತವೆ. ಆದುದರಿಂದ ಈಕೆ ಪೂರ್ಣವಾಗಿ ಹೆಣ್ಣೇ. ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿರುವುದಕ್ಕೆ ಕಾರಣವಿದೆ. ವರದಿಯನ್ನು ಕೇಳಿದ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಅನೇಕ ವೇಳೆ ತಾನು ಹೆಣ್ಣು ಹೌದೇ ಅಲ್ಲವೇ ಎಂಬುದೇ ಆಗಿರುತ್ತದೆ.

ಮೂತ್ರಪಿಂಡಗಳು ರೂಪುಗೊಳ್ಳುವುದು ಇದೇ ಕಾಲದಲ್ಲಿ, ಇದೇ ಆಸುಪಾಸಿನಲ್ಲಿ. ಹಾಗಾಗಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಮೂತ್ರಪಿಂಡದ ವ್ಯತ್ಯಾಸವೂ ಇರುತ್ತದೆ. ಒಂದೇ ಮೂತ್ರಪಿಂಡವಿರಬಹುದು, ಅಥವಾ ಅದು ಸೊಂಟದ ಮೇಲೆ ಇರಬೇಕಾದಲ್ಲಿ ಕಿಬ್ಬೊಟ್ಟೆಯ ಕೆಳಗೆ ನೆಲೆಸಿರಬಹುದು. ಕೆಲವರಲ್ಲಿ ಬೆನ್ನೆಲುಬಿನ ದೋಷ, ಇನ್ನೂ ಕಡಿಮೆ ಮಂದಿಯಲ್ಲಿ ಶ್ರವಣದೋಷ ಕಂಡುಬರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಮೂತ್ರಪಿಂಡಗಳ ಸ್ಥಾನವನ್ನು ತಿಳಿಯದಿರುವುದು ಅಕ್ಷಮ್ಯ. ಇರುವ ಒಂದೇ ಮೂತ್ರಪಿಂಡವು ಕತ್ತರಿಯ ಹಾದಿಯಲ್ಲಿಯೇ ಇದ್ದರೆ ಆಗುವ ಅನಾಹುತವನ್ನು ಊಹಿಸಬಹುದು.

ಕಾರಣವೇನೆಂಬ ಪ್ರಶ್ನೆಗೆ ಬಹುತೇಕರಲ್ಲಿ ಖಚಿತ ಉತ್ತರ ದೊರೆತಿಲ್ಲ. ಕೆಲವರಲ್ಲಿ 16 ಮತ್ತು 17ನೆಯ ವರ್ಣತಂತುಗಳ ಸಣ್ಣ ತುಣುಕುಗಳು ಇಲ್ಲದಿರುವುದು ಕಂಡುಬಂದಿದೆ. ತಾಯಿಯ ಆಹಾರ, ಗ್ರಹಣಕಾಲದ ನಡವಳಿಕೆ, ಹಿಂದಿನ ಜನ್ಮದ ಕರ್ಮ ಮುಂತಾದ ವಿವರಣೆಗಳಿಗೆ ಯಾವ ಆಧಾರವೂ ಇಲ್ಲ.

ಪತ್ತೆಹಚ್ಚುವಲ್ಲಿ ಆಗುವ ಪ್ರಮಾದಗಳು

ಮೊದಲ ಪ್ರಮಾದ, ಪರೀಕ್ಷೆಯೇ ಇಲ್ಲದೆ ಮುಟ್ಟು ಬರಿಸುವ ಮಾತ್ರೆಗಳನ್ನು ನೀಡುವುದು. ಗರ್ಭಕೋಶವೇ ಇಲ್ಲದಿರುವಾಗ ಎಷ್ಟು ತಿಂಗಳು ಮಾತ್ರೆ ನುಂಗಿದರೂ ಸ್ರಾವವಾಗದು. ಎರಡನೆಯದು ಇದಕ್ಕಿಂತ ಅಪಾಯಕರ. ಕನ್ಯಾಪೊರೆಯು ಪೂರ್ತಿ ಮುಚ್ಚಿಕೊಂಡಿರುವ ಅಥವಾ ಯೋನಿಯಲ್ಲಿ ಅಡ್ಡಪೊರೆಯಿರುವ ಹುಡುಗಿಯರಲ್ಲಿಯೂ ಮುಟ್ಟು ಹೊರಬರುವುದಿಲ್ಲ. ಆದರೆ ಅವರಿಗೆ ಗರ್ಭಕೋಶವಿರುತ್ತದೆ, ರಕ್ತವು ಒಳಗೇ ಶೇಖರವಾಗಿ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತದೆ, ಪೊರೆಯನ್ನು ಬಿಡಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಎಂಆರ್‌ಕೆಎಚ್ ಇರುವ ಹುಡುಗಿಯನ್ನು ಇವರೆಂದು ಭ್ರಮಿಸಿ ಅಲ್ಲಿ ಕೊಯ್ದರೆ ಸಿಗುವುದು ರಕ್ತದ ಗಂಟಲ್ಲ, ಗಾಯದ ಕಲೆ ಮಾತ್ರ. ಆ ಕಲೆಯು ಮುಂದಿನ ಎಲ್ಲ ಚಿಕಿತ್ಸೆಗಳನ್ನೂ ಕಠಿಣಗೊಳಿಸುತ್ತದೆ.

ಆಂಡ್ರೊಜೆನ್ ಸಂವೇದನಾಹೀನತೆ ಎಂಬ ಇನ್ನೊಂದು ಸ್ಥಿತಿಯಲ್ಲಿಯೂ ಗರ್ಭಕೋಶವಿರುವುದಿಲ್ಲ, ಯೋನಿ ಗಿಡ್ಡವಾಗಿರುತ್ತದೆ. ಅಲ್ಲಿ ವರ್ಣತಂತುಗಳು 46, ಎಕ್ಸ್‌ವೈ ಆಗಿದ್ದು, ದೇಹದೊಳಗೆ ವೃಷಣಗಳಿರುತ್ತವೆ. ಕಂಕುಳು ಮತ್ತು ಕಿಬ್ಬೊಟ್ಟೆಯ ರೋಮ ವಿರಳವಾಗಿರುತ್ತದೆ. ರಕ್ತದ ಹಾರ್ಮೋನು ಪರೀಕ್ಷೆ ಹಾಗೂ ವರ್ಣತಂತು ಪರೀಕ್ಷೆಗಳಿಂದ ಇವೆರಡನ್ನೂ ಬೇರ್ಪಡಿಸಬಹುದು. ಅಲ್ಟ್ರಾಸೌಂಡ್‌ನಲ್ಲಿ ಸ್ಪಷ್ಟವಾಗದಿದ್ದಲ್ಲಿ ಎಂಆರ್‌ಐ ನೆರವಾಗುತ್ತದೆ. ಉಳಿದಿರುವ ಗರ್ಭಕೋಶದ ಮೊಳಕೆಯಲ್ಲಿ ಒಳಪದರವಿದ್ದರೆ ಅದು ಪ್ರತಿ ತಿಂಗಳೂ ನೋವು ಕೊಡಬಹುದು. ಅಂತಹ ಮೊಳಕೆಯನ್ನು ಲ್ಯಾಪರೊಸ್ಕೋಪಿಯಿಂದ ತೆಗೆಯಲಾಗುತ್ತದೆ. ನೋವಿಲ್ಲದಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಶಸ್ತ್ರವಿಲ್ಲದ ಮಾರ್ಗವೇ ಮೊದಲು

ಯೋನಿಯಿಲ್ಲವೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದು ಭಾವಿಸುವುದು ತಪ್ಪು. ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ 1938ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಯೋನಿಯ ಜಾಗದಲ್ಲಿರುವ ಕುಳಿಯ ಚರ್ಮವು ಹಿಗ್ಗುವ ಗುಣವುಳ್ಳದ್ದು. ಅದರ ಮೇಲೆ ನಯವಾದ ಕೊಳವೆಯಾಕಾರದ ಸಾಧನವನ್ನು ದಿನವೂ ಹಿತಮಿತವಾಗಿ ಒತ್ತುತ್ತ ಬಂದರೆ ಕುಳಿಯು ಕ್ರಮೇಣ ಆಳವಾಗುತ್ತದೆ. ಡೈಲೇಟರ್ ಎನ್ನಲಾಗುವ ಈ ಸಾಧನಗಳು ಚಿಕ್ಕದರಿಂದ ದೊಡ್ಡದರವರೆಗೆ ಹಲವು ಅಳತೆಗಳಲ್ಲಿ ಇರುತ್ತವೆ. ದಿನಕ್ಕೆ ಒಂದರಿಂದ ಮೂರು ಸಲ, ಪ್ರತಿ ಸಲವೂ ಹತ್ತರಿಂದ ಮೂವತ್ತು ನಿಮಿಷಗಳ ಅಭ್ಯಾಸ ಬೇಕಾಗುತ್ತದೆ. ಕೈಯಿಂದ ಒತ್ತುವ ಆಯಾಸವನ್ನು ತಪ್ಪಿಸಲು ಅಮೆರಿಕದ ಇಂಗ್ರಾಮ್ ಎಂಬ ವೈದ್ಯರು 1981ರಲ್ಲಿ ಸೈಕಲ್ ಸೀಟನ್ನು ಹೋಲುವ ಆಸನವನ್ನು ಬಳಕೆಗೆ ತಂದರು. ಅದರ ಮೇಲೆ ಬಟ್ಟೆ ಧರಿಸಿಯೇ ಕುಳಿತು ಓದುತ್ತ ಬರೆಯುತ್ತ ಇರಬಹುದು, ದೇಹದ ಭಾರವೇ ಒತ್ತಡವನ್ನು ಒದಗಿಸುತ್ತದೆ.

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2018ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ ಈ ವಿಧಾನವನ್ನೇ ಪ್ರಥಮ ಚಿಕಿತ್ಸೆಯೆಂದು ಹೇಳಿದೆ. ಸರಿಯಾದ ತರಬೇತಿ ಮತ್ತು ಆಪ್ತಸಲಹೆ ದೊರೆತವರಲ್ಲಿ ಶೇಕಡಾ 90ಕ್ಕೂ ಮಿಗಿಲಾದ ಮಂದಿಗೆ ಇಷ್ಟರಿಂದಲೇ ಸಾಕಷ್ಟು ಆಳವುಳ್ಳ, ಸಹಜ ಸಂವೇದನೆಯುಳ್ಳ ಯೋನಿ ದೊರೆಯುತ್ತದೆ. ಗಾಯವಿಲ್ಲ, ಅರಿವಳಿಕೆಯಿಲ್ಲ, ಖರ್ಚೂ ಅಲ್ಪ.

ಆದರೆ ಕಾಗದದ ಮೇಲಿನ ಈ ಸರಳತೆ ಮನೆಯಲ್ಲಿ ಇರುವುದಿಲ್ಲ. ಒಂದೇ ಕೋಣೆಯಲ್ಲಿ ಅಕ್ಕತಂಗಿಯರು, ಅಜ್ಜಿ ಎಲ್ಲರೂ ಮಲಗುವ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಹೊರಗೆ ಶೌಚಾಲಯವಿರುವ ಊರಿನಲ್ಲಿ ದಿನಕ್ಕೆ ಎರಡು ಸಲ ಅರ್ಧ ಗಂಟೆಯ ಏಕಾಂತವನ್ನು ತಿಂಗಳುಗಟ್ಟಲೆ ಹೊಂದಿಸಿಕೊಳ್ಳುವುದು ಸುಲಭವಲ್ಲ. ತನ್ನ ದೇಹವನ್ನು ತಾನೇ ಮುಟ್ಟಿಕೊಳ್ಳುವುದು ಪಾಪವೆಂಬ ಭಾವನೆಯೂ ಅಡ್ಡ ಬರುತ್ತದೆ. ಡೈಲೇಟರ್ ಕೊಟ್ಟು ಚೀಟಿ ಬರೆದು ಕಳುಹಿಸುವಲ್ಲಿ ಚಿಕಿತ್ಸೆ ಸೋಲುತ್ತದೆ. ಶುಶ್ರೂಷಕಿ ಅಥವಾ ಆಪ್ತಸಲಹೆಗಾರ್ತಿ ಜೊತೆಗೆ ನಿಂತು ಕಲಿಸಿದಲ್ಲಿ, ವಾರ ವಾರ ವಿಚಾರಿಸಿದಲ್ಲಿ ಗೆಲ್ಲುತ್ತದೆ. ಆಸ್ಪತ್ರೆಗಳು ಸಾಧಿಸಬೇಕಾದದ್ದು ಇನ್ನೂ ಬಹಳವಿರುವುದು ಇಲ್ಲಿಯೇ.

ಮ್ಯಾಕಿಂಡೋ ವಿಧಾನ: ಚರ್ಮದ ಕಸಿ

ಡೈಲೇಟರ್ ಫಲ ಕೊಡದವರಿಗೆ, ಅಥವಾ ಎಲ್ಲವನ್ನೂ ತಿಳಿದ ಮೇಲೆ ಶಸ್ತ್ರಚಿಕಿತ್ಸೆಯನ್ನೇ ಆಯ್ಕೆಮಾಡುವವರಿಗೆ ಹಲವು ಮಾರ್ಗಗಳಿವೆ. ಅವುಗಳಲ್ಲಿ ದೀರ್ಘಕಾಲದ ಅನುಭವವಿರುವುದು ಮ್ಯಾಕಿಂಡೋ ವಿಧಾನಕ್ಕೆ. ನ್ಯೂಯಾರ್ಕಿನ ರಾಬರ್ಟ್ ಆಬ್ಬೆ 1898ರಲ್ಲಿಯೇ ತೆಳುಚರ್ಮದ ಕಸಿಯಿಂದ ಯೋನಿಯನ್ನು ರೂಪಿಸಿದ್ದರು. ಅದು ನಾಲ್ಕು ದಶಕಗಳ ಕಾಲ ಮರೆವಿಗೆ ಸಂದಿತ್ತು. ನ್ಯೂಜಿಲೆಂಡಿನಲ್ಲಿ ಜನಿಸಿ ಲಂಡನ್ನಿನಲ್ಲಿ ಹೆಸರು ಮಾಡಿದ ಸರ್ಜನ್ ಆರ್ಚಿಬಾಲ್ಡ್ ಮ್ಯಾಕಿಂಡೋ ಅವರು ಬ್ಯಾನಿಸ್ಟರ್ ಎಂಬವರೊಡನೆ 1938ರಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ಗಾಯಗಳಿಂದ ಮುಖ ಕಳೆದುಕೊಂಡ ವಿಮಾನಯೋಧರಿಗೆ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಹೊಸ ಮುಖ ಕೊಟ್ಟವರೂ ಇದೇ ಮ್ಯಾಕಿಂಡೋ.

ಶಸ್ತ್ರಚಿಕಿತ್ಸೆಯ ಮೊದಲ ಹಂತ ಜಾಗ ಮಾಡುವುದು. ಮುಂದೆ ಮೂತ್ರಕೋಶ ಮತ್ತು ಮೂತ್ರನಾಳ, ಹಿಂದೆ ಗುದನಾಳ, ಇವೆರಡರ ನಡುವೆ ಬೆರಳಿನಿಂದ ಹಾಗೂ ಮೊಂಡು ಉಪಕರಣಗಳಿಂದ ಸಾವಕಾಶವಾಗಿ ಬಿಡಿಸುತ್ತ ಎಂಟು ಹತ್ತು ಸೆಂಟಿಮೀಟರ್ ಆಳದ ಸುರಂಗವನ್ನು ರೂಪಿಸಲಾಗುತ್ತದೆ. ಇಡೀ ಶಸ್ತ್ರಚಿಕಿತ್ಸೆಯ ನಾಜೂಕು ಇರುವುದು ಇಲ್ಲಿ. ಕೈ ಸ್ವಲ್ಪ ಮುಂದೆ ಸರಿದರೆ ಮೂತ್ರಕೋಶ, ಹಿಂದೆ ಸರಿದರೆ ಗುದನಾಳ ಹರಿಯುವ ಸಂಭವವಿದೆ. ರಕ್ತಸ್ರಾವವನ್ನು ಪೂರ್ತಿ ನಿಲ್ಲಿಸದಿದ್ದರೆ ಕಸಿಯ ಕೆಳಗೆ ರಕ್ತ ಶೇಖರವಾಗಿ ಚರ್ಮವು ಅಂಟಿಕೊಳ್ಳುವುದಿಲ್ಲ.

ಎರಡನೆಯ ಹಂತದಲ್ಲಿ ತೊಡೆ ಅಥವಾ ಪೃಷ್ಠದಿಂದ ಕಾಗದದಷ್ಟು ತೆಳುವಾದ ಚರ್ಮದ ಪದರವನ್ನು ತೆಗೆಯಲಾಗುತ್ತದೆ. ಅದನ್ನು ಅಚ್ಚೊಂದರ ಸುತ್ತ, ಹಸಿಭಾಗ ಹೊರಕ್ಕೆ ಬರುವಂತೆ ಹೊದಿಸಿ ಹೊಲಿದು, ಅಚ್ಚಿನ ಸಮೇತ ಸುರಂಗದಲ್ಲಿ ಇರಿಸಲಾಗುತ್ತದೆ. ಕಾಂಡೋಮಿನೊಳಗೆ ಸ್ಪಂಜು ತುಂಬಿ ತಯಾರಿಸುವ ಮೃದುವಾದ ಅಚ್ಚು ಇದಕ್ಕೆ ಯೋಗ್ಯವಾದದ್ದು. ಅಗ್ಗವಾದರೂ ಅದು ಎಲ್ಲ ಕಡೆಗೂ ಸಮನಾದ ಒತ್ತಡ ಕೊಡುತ್ತದೆ. ಸುಮಾರು ಒಂದು ವಾರ ರೋಗಿಯು ಹಾಸಿಗೆಯಲ್ಲಿಯೇ ಇರಬೇಕು. ಮೂತ್ರಕ್ಕೆ ಕ್ಯಾಥೆಟರ್, ಮಲ ಕಡಿಮೆಯಾಗುವಂತಹ ಆಹಾರ. ವಾರದ ನಂತರ ಅಚ್ಚನ್ನು ತೆಗೆದು, ಚರ್ಮವು ಹಿಡಿದಿದೆಯೇ ಎಂದು ನೋಡಲಾಗುತ್ತದೆ.

ಮೂರನೆಯ ಹಂತವು ಆಸ್ಪತ್ರೆಯ ಹೊರಗೆ ನಡೆಯುವಂಥದು, ಹಾಗಾಗಿಯೇ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವಂಥದು. ಕಸಿಮಾಡಿದ ಚರ್ಮಕ್ಕೆ ಕುಗ್ಗುವ ಸ್ವಭಾವವಿದೆ. ಅದನ್ನು ತಡೆಯಲು ಮೊದಲ ಕೆಲವು ತಿಂಗಳು ಶೌಚ ಹಾಗೂ ಸ್ನಾನದ ಹೊತ್ತು ಬಿಟ್ಟು ಉಳಿದೆಲ್ಲ ವೇಳೆಯಲ್ಲೂ ಅಚ್ಚನ್ನು ಧರಿಸಿರಬೇಕು. ಅನಂತರ ಹಲವು ತಿಂಗಳು ರಾತ್ರಿಯ ವೇಳೆ ಧರಿಸಬೇಕು. ನಿಯಮಿತ ದಾಂಪತ್ಯ ಸಂಪರ್ಕ ಇಲ್ಲದಿದ್ದಲ್ಲಿ ಡೈಲೇಟರ್ ಬಳಕೆ ಮುಂದುವರಿಯಬೇಕು. ಡೈಲೇಟರ್ ಬೇಡವೆಂದು ಶಸ್ತ್ರಚಿಕಿತ್ಸೆಗೆ ಬಂದವರಿಗೆ ಶಸ್ತ್ರಚಿಕಿತ್ಸೆಯ ನಂತರವೂ ಅದೇ ಡೈಲೇಟರ್ ಕಾದಿರುತ್ತದೆ ಎಂಬುದನ್ನು ಮೊದಲೇ ತಿಳಿಸದಿರುವುದು ವಂಚನೆಗೆ ಸಮ. ಅಚ್ಚನ್ನು ಕೈಬಿಟ್ಟವರಲ್ಲಿ ಕೆಲವೇ ವಾರಗಳಲ್ಲಿ ಯೋನಿ ಕಿರಿದಾಗಿ ಮುಚ್ಚಿಕೊಳ್ಳುವುದುಂಟು. ಎರಡನೆಯ ಸಲದ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಬಹಳ ಕಷ್ಟ, ಫಲವೂ ಅನಿಶ್ಚಿತ.

ಸೋಂಕು, ಕಸಿ ಹಿಡಿಯದಿರುವುದು, ಮೂತ್ರಕೋಶ ಅಥವಾ ಗುದನಾಳದೊಡನೆ ರಂಧ್ರ ಬೀಳುವುದು, ತೊಡೆಯ ಮೇಲೆ ಉಳಿಯುವ ಕಲೆ, ಇವು ಇದರ ತೊಡಕುಗಳು. ತೊಡೆಯ ಕಲೆಯನ್ನು ವೈದ್ಯರು ಸಣ್ಣದೆಂದು ಭಾವಿಸುತ್ತಾರೆ. ಯಾರಿಗೂ ಹೇಳಲಾಗದ ಗುಟ್ಟಿನ ಗುರುತು ಕಣ್ಣೆದುರು ಸದಾ ಇರುವುದು ಹುಡುಗಿಗೆ ಸಣ್ಣದಲ್ಲ. ಈ ಕಾರಣದಿಂದ ಚರ್ಮದ ಬದಲು ಕೆನ್ನೆಯ ಒಳಪೊರೆಯನ್ನೋ, ಹೆರಿಗೆಯ ಬಳಿಕ ದೊರೆಯುವ ಗರ್ಭವೇಷ್ಟನದ ಪೊರೆಯನ್ನೋ ಬಳಸುವುದುಂಟು. ಗರ್ಭವೇಷ್ಟನದ ಪೊರೆ ಅಗ್ಗವಾಗಿ ಸಿಗುವುದರಿಂದ ಭಾರತದ ಆಸ್ಪತ್ರೆಗಳಲ್ಲಿ ಇದರ ಬಳಕೆ ಸಾಕಷ್ಟು ನಡೆದಿದೆ. ಆದರೆ ದಾನಿ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು.

ಕರುಳು, ಉದರಪೊರೆ ಮತ್ತು ಎಳೆತದ ವಿಧಾನ

ಕರುಳಿನ ತುಂಡಿನಿಂದ ಯೋನಿಯನ್ನು ರೂಪಿಸಬಹುದೆಂದು ಅಮೆರಿಕದ ಬಾಲ್ಡ್ವಿನ್ 1904ರಲ್ಲಿ ಸೂಚಿಸಿದರು. ಅವರು ಸೂಚಿಸಿದ್ದು ಸಣ್ಣ ಕರುಳು, ಇಂದು ಹೆಚ್ಚಾಗಿ ಬಳಸುವುದು ದೊಡ್ಡ ಕರುಳಿನ ಸಿಗ್ಮಾಯ್ಡ್ ಭಾಗ. ಸುಮಾರು ಹತ್ತರಿಂದ ಹದಿನೈದು ಸೆಂಟಿಮೀಟರಿನ ತುಂಡನ್ನು ಅದರ ರಕ್ತನಾಳಗಳ ಸಹಿತ ಬೇರ್ಪಡಿಸಿ ಕೆಳಗೆ ತಂದು ಹೊಲಿಯಲಾಗುತ್ತದೆ. ಉಳಿದ ಕರುಳನ್ನು ಮತ್ತೆ ಜೋಡಿಸಲಾಗುತ್ತದೆ. ಇದು ಕುಗ್ಗುವುದು ಕಡಿಮೆ, ತನ್ನಷ್ಟಕ್ಕೆ ತೇವವಾಗಿರುತ್ತದೆ, ದೀರ್ಘಕಾಲದ ಡೈಲೇಟರ್ ಬೇಕಾಗುವುದಿಲ್ಲ. ಅದೇ ತೇವವು ಕೆಲವರಲ್ಲಿ ಅತಿಯಾಗಿ, ದುರ್ವಾಸನೆಯುಳ್ಳ ಸ್ರಾವವಾಗಿ ಬಾಧಿಸುತ್ತದೆ. ಕರುಳಿನ ಜೋಡಣೆ ಬಿಟ್ಟುಹೋದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಬೇರೆ ವಿಧಾನಗಳು ವಿಫಲವಾದವರಿಗೆ ಇದನ್ನು ಕಾಯ್ದಿರಿಸುವುದು ಲೇಸೆಂಬುದು ಅನೇಕ ತಜ್ಞರ ಅಭಿಪ್ರಾಯ.

ಇಟಲಿಯ ಜ್ಯುಸೆಪ್ಪೆ ವೆಕ್ಕಿಯೆಟ್ಟಿ 1965ರಲ್ಲಿ ಪ್ರಕಟಿಸಿದ ವಿಧಾನವು ಡೈಲೇಟರ್ ತತ್ತ್ವವನ್ನೇ ಒಳಗಿನಿಂದ ಅನ್ವಯಿಸುತ್ತದೆ. ಆಲಿವ್ ಕಾಯಿಯ ಆಕಾರದ ಸಣ್ಣ ಮಣಿಯೊಂದನ್ನು ಕುಳಿಯಲ್ಲಿ ಇರಿಸಿ, ಅದಕ್ಕೆ ಕಟ್ಟಿದ ದಾರಗಳನ್ನು ಹೊಟ್ಟೆಯ ಮೂಲಕ ಹೊರತಂದು ಎಳೆತದ ಸಾಧನಕ್ಕೆ ಜೋಡಿಸಲಾಗುತ್ತದೆ. ದಿನಕ್ಕೆ ಒಂದು, ಒಂದೂವರೆ ಸೆಂಟಿಮೀಟರಿನಂತೆ ಬಿಗಿಗೊಳಿಸುತ್ತ ಹೋದರೆ ಒಂದು ವಾರದ ಆಸುಪಾಸಿನಲ್ಲಿ ಬೇಕಾದ ಆಳ ದೊರೆಯುತ್ತದೆ. ತಿಂಗಳುಗಳ ಕೆಲಸವನ್ನು ವಾರದಲ್ಲಿ ಮಾಡುವುದರಿಂದ ಆ ದಿನಗಳು ನೋವಿನವು. ನೋವುನಿವಾರಕಗಳು ಧಾರಾಳವಾಗಿ ಬೇಕು. ಲ್ಯಾಪರೊಸ್ಕೋಪಿ ಬಂದ ಮೇಲೆ ಹೊಟ್ಟೆಯನ್ನು ಕೊಯ್ಯುವ ಅಗತ್ಯ ತಪ್ಪಿದ್ದು, ಯುರೋಪಿನಲ್ಲಿ ಇದಕ್ಕೆ ಹೆಚ್ಚಿನ ಪ್ರಚಾರವಿದೆ.

ಸೋವಿಯತ್ ಒಕ್ಕೂಟದ ಡೇವಿಡೋವ್ ರೂಪಿಸಿದ ಇನ್ನೊಂದು ವಿಧಾನದಲ್ಲಿ ಉದರದ ಒಳಪೊರೆಯನ್ನೇ ಕೆಳಗೆಳೆದು ಯೋನಿಯ ಗೋಡೆಯಾಗಿಸಲಾಗುತ್ತದೆ. ಬೇರೆಡೆ ಗಾಯವಾಗದಿರುವುದು ಇದರ ಅನುಕೂಲ. ಲ್ಯಾಪರೊಸ್ಕೋಪಿಯಲ್ಲಿ ಪಳಗಿದ ಸ್ತ್ರೀರೋಗ ತಜ್ಞರು ಇದರತ್ತ ಒಲವು ತೋರುತ್ತಿದ್ದಾರೆ.

ಯಾವುದು ಶ್ರೇಷ್ಠವೆಂಬ ಚರ್ಚೆಗೆ ಒಂದೇ ಉತ್ತರವಿಲ್ಲ. ವಿಧಾನದ ಹೆಸರಿಗಿಂತ, ಆ ಶಸ್ತ್ರಚಿಕಿತ್ಸೆಯನ್ನು ಆ ವೈದ್ಯರು ಎಷ್ಟು ಸಲ ಮಾಡಿದ್ದಾರೆ, ನಂತರದ ಆರೈಕೆಗೆ ಯಾರಿದ್ದಾರೆ ಎಂಬ ಪ್ರಶ್ನೆಗಳೇ ರೋಗಿಗೆ ಮುಖ್ಯ. ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಪ್ರಯೋಗಶಾಲೆಯಲ್ಲಿ ಬೆಳೆಸಿದ ಯೋನಿಯೂ ಕೇವಲ ಕಲ್ಪನೆಯಲ್ಲ. ಮೆಕ್ಸಿಕೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ 2005ರಿಂದ 2008ರ ಅವಧಿಯಲ್ಲಿ 13ರಿಂದ 18 ವಯಸ್ಸಿನ ನಾಲ್ವರು ಹುಡುಗಿಯರಿಗೆ ಅವರದೇ ಜೀವಕೋಶಗಳಿಂದ ಬೆಳೆಸಿದ ಅಂಗವನ್ನು ಜೋಡಿಸಲಾಯಿತು. ಹೊರಜನನಾಂಗದ ಅಂಚೆಚೀಟಿಗಿಂತ ಚಿಕ್ಕ ತುಣುಕಿನಿಂದ ಜೀವಕೋಶಗಳನ್ನು ಪಡೆದು, ಯೋನಿಯ ಆಕಾರದ ಚೌಕಟ್ಟಿನ ಮೇಲೆ ಬೆಳೆಸಲಾಗಿತ್ತು. ಎಂಟು ವರ್ಷಗಳವರೆಗಿನ ಅನುಸರಣೆಯ ಬಳಿಕ ಆಂಟನಿ ಅಟಾಲಾ ಮತ್ತು ಸಂಗಡಿಗರು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉತ್ತಮ ಫಲಿತಾಂಶವನ್ನು ವರದಿ ಮಾಡಿದರು. ನಾಲ್ಕೇ ಜನರ ಅನುಭವವಾದುದರಿಂದ ಇದನ್ನು ಸಿದ್ಧ ಚಿಕಿತ್ಸೆಯೆಂದು ಪರಿಗಣಿಸಲಾಗದು.

ಯಾವಾಗ? ಯಾರ ಇಚ್ಛೆಯಂತೆ?

ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ಶೈಶವದಲ್ಲಿಯೋ ಬಾಲ್ಯದಲ್ಲಿಯೋ ಮಾಡಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಹುಡುಗಿಯು ದೈಹಿಕವಾಗಿ ಮಾತ್ರವಲ್ಲ, ಮಾನಸಿಕವಾಗಿಯೂ ಬೆಳೆದು, ತನಗೆ ಬೇಕೆಂದು ತಾನೇ ನಿರ್ಧರಿಸುವ ಕಾಲವೇ ಸೂಕ್ತ ಕಾಲ. ಬೇಡವೆನ್ನುವುದಕ್ಕೂ ಅವಳಿಗೆ ಹಕ್ಕಿದೆ. ಯೋನಿ ಇಲ್ಲದಿರುವುದರಿಂದ ಆರೋಗ್ಯಕ್ಕೆ ಯಾವ ಕೇಡೂ ಇಲ್ಲ.

ಆದರೆ ನಮ್ಮಲ್ಲಿ ನಿರ್ಧಾರದ ಹಿಂದೆ ಅನೇಕ ವೇಳೆ ಮದುವೆಯ ಮುಹೂರ್ತ ನಿಂತಿರುತ್ತದೆ. ನಿಶ್ಚಿತಾರ್ಥ ಆದ ಮೇಲೆ, ಮದುವೆಗೆ ಒಂದು ತಿಂಗಳಿರುವಾಗ ಹುಡುಗಿಯನ್ನು ಕರೆತಂದು ಗುಟ್ಟಾಗಿ ಆಪರೇಷನ್ ಮುಗಿಸಿಕೊಡಿ ಎನ್ನುವವರಿದ್ದಾರೆ. ಕಸಿ ಹಿಡಿದು, ಗಾಯ ಮಾಗಿ, ಯೋನಿಯ ಅಳತೆ ನಿಲ್ಲಲು ತಿಂಗಳುಗಳೇ ಬೇಕಿರುವಾಗ ಇಂತಹ ಅವಸರದ ಫಲ ವೈಫಲ್ಯವೇ. 'ಮದುವೆಯಾದರೆ ತಾನಾಗಿ ಸರಿಹೋಗುತ್ತದೆ' ಎಂಬ ನಂಬಿಕೆ ಇನ್ನೂ ಅಪಾಯಕರ. ಏನೂ ತಿಳಿಯದ ದಂಪತಿಗಳು ಮೂತ್ರದ್ವಾರದ ಮೂಲಕವೇ ಪ್ರಯತ್ನಿಸಿ, ಅದು ಹಿಗ್ಗಿ, ಮೂತ್ರವನ್ನು ತಡೆಹಿಡಿಯಲಾಗದ ಸ್ಥಿತಿಯಲ್ಲಿ ಹೆಣ್ಣು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಮುಚ್ಚಿಟ್ಟ ವಿವಾಹಕ್ಕೆ ಕಾನೂನಿನ ಮಗ್ಗುಲೂ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಸಂಗಾತಿಯ ಅಸಮರ್ಥತೆಯಿಂದ ದಾಂಪತ್ಯ ಸಂಬಂಧ ಕೂಡಿಬರದಿದ್ದರೆ, ಅಥವಾ ಮಹತ್ವದ ಸಂಗತಿಯೊಂದನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ವಿವಾಹವನ್ನು ರದ್ದುಗೊಳಿಸಲು ಅರ್ಜಿ ಸಲ್ಲಿಸಬಹುದು. ಮಕ್ಕಳಾಗದಿರುವುದೇ ಅಸಮರ್ಥತೆಯಲ್ಲ ಎಂಬ ಭೇದವನ್ನು ನ್ಯಾಯಾಲಯಗಳು ಗುರುತಿಸಿವೆ. ಶಸ್ತ್ರಚಿಕಿತ್ಸೆಯಿಂದ ರೂಪಿಸಿದ ಯೋನಿಯ ಮೂಲಕ ನಡೆಯುವ ಸಮಾಗಮವೂ ವಿವಾಹದ ಪೂರ್ಣತೆಯೇ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1962ರಲ್ಲಿ ಹೇಳಿತ್ತು. ಏನೇ ಇರಲಿ, ವರನಿಗೆ ಮೊದಲೇ ತಿಳಿಸಿ ನಡೆದ ವಿವಾಹಗಳಲ್ಲಿ ಚಿಕಿತ್ಸೆಯೂ ಸುಗಮ, ಬಾಳುವೆಯೂ ಸುಗಮ.

ತಾಯ್ತನದ ಪ್ರಶ್ನೆ

ಯೋನಿಯ ಪುನಾರಚನೆಯಿಂದ ಮುಟ್ಟು ಬರುವುದಿಲ್ಲ, ಗರ್ಭ ನಿಲ್ಲುವುದಿಲ್ಲ. ಕುಟುಂಬದವರಿಗೆ ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಬಿಡಿಸಿ ಹೇಳಬೇಕು. ಆದರೆ ಅಂಡಾಶಯಗಳು ಸರಿಯಾಗಿರುವುದರಿಂದ ಆಕೆಯ ಅಂಡ ಮತ್ತು ಪತಿಯ ವೀರ್ಯದಿಂದ ಪ್ರನಾಳದಲ್ಲಿ ಭ್ರೂಣ ಬೆಳೆಸಿ, ಇನ್ನೊಬ್ಬ ಸ್ತ್ರೀಯ ಗರ್ಭದಲ್ಲಿ ಇರಿಸಲು ಸಾಧ್ಯ. ಹೀಗೆ ಜನಿಸಿದ 34 ಮಕ್ಕಳ ಬಗೆಗೆ 1997ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನದಲ್ಲಿ 17 ಹೆಣ್ಣುಮಕ್ಕಳಿದ್ದು, ಒಬ್ಬರಲ್ಲಿಯೂ ತಾಯಿಯ ದೋಷ ಕಂಡುಬಂದಿರಲಿಲ್ಲ.

ಭಾರತದಲ್ಲಿ 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯು 2022ರ ಜನವರಿ 25ರಿಂದ ಜಾರಿಯಲ್ಲಿದೆ. ಹಣಕ್ಕಾಗಿ ಗರ್ಭ ಹೊರುವುದನ್ನು ಅದು ನಿಷೇಧಿಸಿ, ಪರೋಪಕಾರದ ರೂಪದಲ್ಲಿ ಮಾತ್ರ ಅವಕಾಶ ನೀಡುತ್ತದೆ. ಗರ್ಭಕೋಶ ಇಲ್ಲದಿರುವುದು ನಿಯಮಗಳಲ್ಲಿ ಹೇಳಿರುವ ಅರ್ಹ ಕಾರಣಗಳಲ್ಲಿ ಒಂದು. ಕೇಂದ್ರ ಸರ್ಕಾರವು 2023ರ ಮಾರ್ಚಿಯಲ್ಲಿ ದಾನಿಯ ಅಂಡವನ್ನು ಬಳಸಲಾಗದೆಂದು ನಿಯಮ ತಿದ್ದಿದಾಗ, ಎಂಆರ್‌ಕೆಎಚ್ ಇದ್ದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿನ ಮೊರೆಹೋದರು. ಅಂಡೋತ್ಪತ್ತಿಯೂ ಇಲ್ಲದಿದ್ದ ಅವರ ಪ್ರಕರಣದಲ್ಲಿ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರಿನಲ್ಲಿ ಆ ನಿಯಮಕ್ಕೆ ತಡೆ ನೀಡಿತು. 2024ರ ಫೆಬ್ರವರಿಯಲ್ಲಿ ಸರ್ಕಾರ ನಿಯಮವನ್ನು ಮತ್ತೆ ತಿದ್ದಿ, ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದ ಮೇಲೆ ದಾನಿಯ ಅಂಡ ಅಥವಾ ವೀರ್ಯಕ್ಕೆ ಅವಕಾಶ ಕೊಟ್ಟಿತು.

ಗರ್ಭಕೋಶದ ಕಸಿ ಇನ್ನೊಂದು ಹಾದಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಾಟ್ಸ್ ಬ್ರಾನ್‌ಸ್ಟ್ರಾಮ್ ತಂಡವು ಕಸಿ ಮಾಡಿದ ಒಂಬತ್ತು ಮಹಿಳೆಯರಲ್ಲಿ ಎಂಟು ಮಂದಿಗೆ ಇದೇ ಸಿಂಡ್ರೋಮ್ ಇತ್ತು. ಅವರಲ್ಲಿ ಒಬ್ಬರು 2014ರ ಸೆಪ್ಟೆಂಬರಿನಲ್ಲಿ ಗಂಡುಮಗುವಿಗೆ ಜನ್ಮ ನೀಡಿದರು. ಕಸಿಮಾಡಿದ ಗರ್ಭಕೋಶದಿಂದ ಜಗತ್ತಿನಲ್ಲಿ ಜನಿಸಿದ ಮೊದಲ ಶಿಶು ಅದು. ಗರ್ಭಕೋಶವನ್ನು ಕೊಟ್ಟವರು 61 ವರ್ಷದ ಮುಟ್ಟು ನಿಂತ ಸ್ನೇಹಿತೆ. ಒಂದೇ ಮೂತ್ರಪಿಂಡವಿದ್ದ ತಾಯಿಗೆ ರಕ್ತದೊತ್ತಡದ ತೊಡಕು ಉಂಟಾಗಿ, ಅವಧಿಗೆ ಮುನ್ನವೇ ಸಿಸೇರಿಯನ್ ಮಾಡಬೇಕಾಯಿತು. ಭಾರತದಲ್ಲಿ ಮೊದಲ ಕಸಿ 2017ರ ಮೇ ತಿಂಗಳಿನಲ್ಲಿ ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ನೇತೃತ್ವದಲ್ಲಿ ನಡೆಯಿತು. ಗರ್ಭಕೋಶವಿಲ್ಲದೆ ಹುಟ್ಟಿದ ಯುವತಿಗೆ ಆಕೆಯ ತಾಯಿಯೇ ಅದನ್ನು ದಾನ ಮಾಡಿದ್ದರು. ಇದು ದುಬಾರಿ ಚಿಕಿತ್ಸೆ. ಗರ್ಭಕೋಶ ಇರುವಷ್ಟು ಕಾಲವೂ ದೇಹವು ಅದನ್ನು ತಿರಸ್ಕರಿಸದಂತೆ ಔಷಧಿ ಸೇವಿಸಬೇಕು. ಒಂದೆರಡು ಹೆರಿಗೆಯ ನಂತರ ಅದನ್ನು ತೆಗೆದುಹಾಕಲಾಗುತ್ತದೆ.

ನಂತರದ ಆರೋಗ್ಯ

ಪುನಾರಚನೆಯಾದ ಯೋನಿಗೂ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಕಸಿಮಾಡಿದ ಚರ್ಮದಲ್ಲಿ ಅಥವಾ ಕರುಳಿನ ತುಂಡಿನಲ್ಲಿ ಹಲವು ವರ್ಷಗಳ ಬಳಿಕ ಕ್ಯಾನ್ಸರ್ ಕಂಡುಬಂದ ಅಪರೂಪದ ನಿದರ್ಶನಗಳಿವೆ. ಗರ್ಭಕೋಶದ ಕಂಠ ಇಲ್ಲದಿರುವುದರಿಂದ ಅದಕ್ಕಾಗಿ ಮಾಡುವ ಪ್ಯಾಪ್ ಪರೀಕ್ಷೆಯ ಅಗತ್ಯವಿಲ್ಲ. ಎಚ್‌ಪಿವಿ ಲಸಿಕೆಯನ್ನು ಮಾತ್ರ ಇತರರಂತೆ ಹಾಕಿಸಿಕೊಳ್ಳಬೇಕು. ಗರ್ಭ ನಿಲ್ಲದೆಂಬ ಕಾರಣಕ್ಕೆ ಕಾಂಡೋಮ್ ಬೇಡವೆನ್ನುವುದು ಸರಿಯಲ್ಲ, ಲೈಂಗಿಕ ಸೋಂಕುಗಳು ಇವರಿಗೂ ತಗಲುತ್ತವೆ. ಹಾರ್ಮೋನು ಮಾತ್ರೆಗಳು ಬೇಕಿಲ್ಲ. ಅಂಡಾಶಯಗಳು ಸುಮಾರು ಐವತ್ತರ ವಯಸ್ಸಿಗೆ ಎಲ್ಲರಲ್ಲಿರುವಂತೆಯೇ ವಿರಮಿಸುತ್ತವೆ. ಮುಟ್ಟಿನ ಗುರುತಿಲ್ಲದ ಕಾರಣ, ಮೈ ಬಿಸಿಯೇರುವುದು, ನಿದ್ರೆ ಕೆಡುವುದು ಮುಂತಾದ ಲಕ್ಷಣಗಳಿಂದಲೇ ಆ ಹಂತವನ್ನು ತಿಳಿಯಬೇಕಾಗುತ್ತದೆ. ಒಂದೇ ಮೂತ್ರಪಿಂಡ ಇರುವವರು ಯಾವುದೇ ಕಾಯಿಲೆಗೆ ಯಾವುದೇ ವೈದ್ಯರಲ್ಲಿ ಹೋದರೂ ಆ ಸಂಗತಿಯನ್ನು ತಿಳಿಸಬೇಕು. ಹಳೆಯ ಸ್ಕ್ಯಾನ್ ವರದಿಗಳನ್ನು ಮತ್ತು ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಕಾಗದವನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.